ಸುಣ್ಣಕಲ್ಲಿನ ದ್ವೀಪಗಳ ನಡುವೆ

ಸಂಸಾರ ಸಮೇತ ದೂರ ಪ್ರಯಾಣ ಹೊರಡುವವರು ಹಿಂದೆ ಕಾಶಿ ರಾಮೇಶ್ವರಗಳ ಕಡೆಗೆ ಮುಖಮಾಡುತ್ತಿದ್ದರು. ಈಗ ಕಡಲಾಚೆಯ ದೇಶಗಳೂ ನಮ್ಮವರ ರಜೆಯ ಪಟ್ಟಿಯಲ್ಲಿ ಸೇರಿವೆ. ಈಚಿನ ವರ್ಷಗಳಲ್ಲಿ ಭಾರತದಿಂದ ವಿಯಟ್ನಾಮಿಗೆ ಹೋಗಿಬರುವವರು ಬಹಳ ಹೆಚ್ಚಿದ್ದಾರೆ. ಹೋದವರು ಸಾಮಾನ್ಯವಾಗಿ ನೋಡದೆ ಬಾರದ ಜಾಗವೊಂದಿದೆ: ಆ ದೇಶದ ಈಶಾನ್ಯ ಮೂಲೆಯ ಹಾ ಲಾಂಗ್ ಕೊಲ್ಲಿ. ಹಸಿರು ನೀರು, ನೀರಿನಿಂದ ನೆಟ್ಟಗೆ ಎದ್ದು ನಿಂತ ಕಲ್ಲಿನ ದ್ವೀಪಗಳು, ಅವುಗಳ ನಡುವೆ ಬಿಳಿಯ ದೋಣಿಗಳು. ಈ ಚಿತ್ರವನ್ನು ನೀವು ಯಾವುದಾದರೂ ಕ್ಯಾಲೆಂಡರಿನಲ್ಲಾದರೂ ಕಂಡಿರುತ್ತೀರಿ. ನೆರೆಮನೆಯವರು ಹೋಗಿಬಂದಿದ್ದರಂತೂ ಅವರ ಫೋಟೋಗಳನ್ನೆಲ್ಲ ನೋಡಿರುತ್ತೀರಿ.

ಆ ಫೋಟೋಗಳಲ್ಲಿ ಕಲ್ಲೇ ಮುಂದು, ನೀರು ಹಿಂದು. ನಾನು ನಿಮಗೆ ಹೇಳಬೇಕೆಂದಿರುವುದು ಇದಕ್ಕೆ ತಿರುಗುಮುರುಗಾದ ಮಾತು. ಹಾ ಲಾಂಗಿಗೆ ಕಲ್ಲು ನೋಡಲು ಹೋದವರು ನೀರನ್ನು ನೋಡಿ ಬರಬೇಕು. ಆ ಕಲ್ಲು ಹುಟ್ಟಿದ್ದು ನೀರಿನಲ್ಲಿ. ಅದನ್ನು ಕೆತ್ತಿದ್ದು ನೀರು. ಗುಡ್ಡಗಳಾಗಿದ್ದವನ್ನು ದ್ವೀಪಗಳಾಗಿ ಮಾಡಿದ್ದೂ ನೀರೇ. ಮಕ್ಕಳುಮರಿಗಳೊಡನೆ ದೋಣಿ ಹತ್ತಿದವರ ಕ್ಷೇಮವಿರುವುದೂ ಅದೇ ನೀರಿನ ಕೈಯಲ್ಲಿ. ಆದ್ದರಿಂದ ಮನೆಮಂದಿಯನ್ನೆಲ್ಲ ಕರೆದುಕೊಂಡು ಬನ್ನಿ, ಮನಸ್ಸಿನಲ್ಲೇ ಒಂದು ಸುತ್ತು ಹೋಗಿಬರೋಣ. ಅಜ್ಜಿಯವರನ್ನು ಬಿಟ್ಟುಬರಬೇಡಿ, ಅವರ ಎಲೆಯಡಿಕೆಯ ಚೀಲ ನಮಗೆ ಬೇಕಾಗುತ್ತದೆ.

ಹನೋಯಿ ಪಟ್ಟಣದಿಂದ ಪೂರ್ವಕ್ಕೆ ಸುಮಾರು ೧೬೦ ಕಿಲೋಮೀಟರು ಹೋದರೆ ಕ್ವಾಂಗ್ ನಿನ್ ಪ್ರಾಂತದ ಕರಾವಳಿ ಸಿಗುತ್ತದೆ. ಅದು ಕಲ್ಲಿದ್ದಲಿನ ಸೀಮೆಯೂ ಹೌದು. ಒಂದು ಕಡೆ ಗಣಿ, ಇನ್ನೊಂದು ಕಡೆ ಲೋಕಪ್ರಸಿದ್ಧವಾದ ಕೊಲ್ಲಿ. ಕೊಲ್ಲಿಯ ವಿಸ್ತಾರ ೧,೫೫೩ ಚದರ ಕಿಲೋಮೀಟರು, ಅದರಲ್ಲಿರುವ ದ್ವೀಪಗಳು ೧,೯೬೯ ಎಂದು ವಿಯಟ್ನಾಮಿನವರು ಲೆಕ್ಕ ಕೊಡುತ್ತಾರೆ. ಇವುಗಳಲ್ಲಿ ಬಹುಪಾಲು ಸುಣ್ಣಕಲ್ಲಿನವು. ಯುನೆಸ್ಕೋ ಸಂಸ್ಥೆ ೧೯೯೪ರಲ್ಲಿ ಈ ಕೊಲ್ಲಿಯ ಚೆಲುವನ್ನು ಕಂಡು ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ೨೦೦೦ದಲ್ಲಿ ಇಲ್ಲಿನ ಕಲ್ಲಿನ ರಚನೆಗಾಗಿ ಇನ್ನೊಮ್ಮೆ ಮನ್ನಣೆ ಕೊಟ್ಟಿತು. ೨೦೨೩ರಲ್ಲಿ ಪಕ್ಕದ ಕಾಟ್ ಬಾ ದ್ವೀಪಸಮೂಹವನ್ನೂ ಇದರೊಡನೆ ಕೂಡಿಸಿತು.

ಹಾ ಲಾಂಗ್ ಎಂದರೆ ಇಳಿದುಬಂದ ಡ್ರ್ಯಾಗನ್ ಎಂದು ಅರ್ಥ. ಡ್ರ್ಯಾಗನ್ ಎಂದರೆ ನಮ್ಮ ಕಥೆಗಳ ಘಟಸರ್ಪವನ್ನು ಹೋಲುವ ಪ್ರಾಣಿ. ಆದರೆ ಆ ದೇಶದವರಿಗೆ ಅದು ಮಂಗಳಕರ. ಹಿಂದೆ ಶತ್ರುಗಳು ಸಮುದ್ರದ ಮೇಲಿಂದ ದಂಡೆತ್ತಿ ಬಂದಾಗ ದೇವಲೋಕದಿಂದ ತಾಯಿ ಡ್ರ್ಯಾಗನ್ ಒಂದು ತನ್ನ ಮರಿಗಳೊಡನೆ ಇಳಿಯಿತಂತೆ. ಅವು ಬಾಯಿಂದ ರತ್ನಗಳನ್ನು ಉಗುಳಿದವಂತೆ. ರತ್ನಗಳು ನೀರಿಗೆ ಬಿದ್ದು ಬಂಡೆಗಳಾಗಿ ಶತ್ರುಗಳ ಹಡಗುಗಳನ್ನು ತಡೆದವು. ಕೆಲಸ ಮುಗಿದ ಮೇಲೆ ತಾಯಿಗೂ ಮಕ್ಕಳಿಗೂ ಮರಳಿ ಹೋಗಲು ಮನಸ್ಸು ಬರಲಿಲ್ಲ. ತಾಯಿ ನೆಲೆಸಿದ್ದು ಹಾ ಲಾಂಗ್. ಮಕ್ಕಳು ತಾಯಿಯ ಸೇವೆಗೆ ನಿಂತದ್ದು ಅದರ ಮಗ್ಗುಲಿನ ಬಾಯ್ ತು ಲಾಂಗ್. ನಾವು ಸಂಸಾರ ಕಟ್ಟಿಕೊಂಡು ಹೋಗುತ್ತಿದ್ದೇವೆಂದು ಸಂಕೋಚಪಡಬೇಕಾಗಿಲ್ಲ. ಆ ಜಾಗಕ್ಕೆ ಮೊದಲು ಬಂದದ್ದೂ ಒಂದು ಸಂಸಾರವೇ!

ಕಥೆ ಹಾಗಿರಲಿ. ದೋಣಿ ದಡ ಬಿಟ್ಟು ಅರ್ಧ ಗಂಟೆಯಾಗುವುದರೊಳಗೆ ಸುತ್ತಲೂ ಕಲ್ಲಿನ ಗೋಡೆಗಳು. ಒಂದೊಂದು ದ್ವೀಪ ಐವತ್ತು ಮೀಟರು, ನೂರು ಮೀಟರು ಎತ್ತರ. ಕೆಲವು ಇನ್ನೂ ಎತ್ತರ. ಹುಡುಗ ಕೇಳಿಯೇ ಕೇಳುತ್ತಾನೆ: “ಅಜ್ಜಿ, ಈ ಕಲ್ಲನ್ನೆಲ್ಲ ಯಾರು ತಂದು ನಿಲ್ಲಿಸಿದರು?”

ಈಗ ಅಜ್ಜಿಯವರ ಚೀಲ ಬಿಚ್ಚಿಸಿ, ಸುಣ್ಣದ ಡಬ್ಬಿಯನ್ನು ತೋರಿಸಿ. ನಮ್ಮ ಕರಾವಳಿಯಲ್ಲಿ ಕಪ್ಪೆಚಿಪ್ಪುಗಳನ್ನು ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡುತ್ತಿದ್ದುದನ್ನು ಅಜ್ಜಿಯವರು ಬಲ್ಲರು. ಚಿಪ್ಪಿನಲ್ಲಿರುವ ವಸ್ತುವೂ ಸುಣ್ಣಕಲ್ಲಿನಲ್ಲಿರುವ ವಸ್ತುವೂ ಒಂದೇ. ಇಪ್ಪತ್ತೈದರಿಂದ ಮೂವತ್ತನಾಲ್ಕು ಕೋಟಿ ವರ್ಷಗಳ ಹಿಂದೆ ಇಲ್ಲೊಂದು ಬೆಚ್ಚಗಿನ ಸಮುದ್ರವಿತ್ತು. ಅದರಲ್ಲಿ ಬಾಳಿ ಸತ್ತ ಹವಳ, ಚಿಪ್ಪಿನ ಹುಳ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ, ಇವುಗಳ ಕವಚಗಳು ತಳಕ್ಕೆ ಬಿದ್ದು ಪದರದ ಮೇಲೆ ಪದರವಾಗಿ ಕೂಡಿ ಒತ್ತಡದಿಂದ ಕಲ್ಲಾದವು. ಕೋಟಿ ವರ್ಷಗಳಲ್ಲಿ ಭೂಮಿ ಮಿಸುಕಾಡಿ ಆ ತಳವನ್ನು ಮೇಲಕ್ಕೆ ಎತ್ತಿತು. ವಿಯಟ್ನಾಮಿನ ಮುದುಕಿಯರೂ ಎಲೆಯಡಿಕೆ ಸುಣ್ಣ ಹಾಕುವವರೇ. ಅಲ್ಲಿಯೂ ಮದುವೆಯ ಮಾತಿಗೆ ವೀಳ್ಯ ಅಡಿಕೆ ಬೇಕು. ನಮ್ಮ ಅಜ್ಜಿಯವರು ಅಲ್ಲಿನ ಅಜ್ಜಿಯೊಬ್ಬರನ್ನು ಕಂಡರೆ ಮಾತು ಬಾರದಿದ್ದರೂ ಚೀಲ ತೆರೆದೇ ಸ್ನೇಹ ಬೆಳೆಸಿಯಾರು.

ಕಲ್ಲು ಹುಟ್ಟಿದ್ದಾಯಿತು, ಕೆತ್ತಿದವರು ಯಾರು? ಮಳೆ. ಮಳೆಯ ನೀರು ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲಾಮ್ಲವನ್ನು ಹೀರಿಕೊಂಡು ಒಂದಿಷ್ಟು ಹುಳಿಯಾಗುತ್ತದೆ; ಬಹಳ ತೆಳುವಾದ ಸೋಡಾ ನೀರೆನ್ನಿ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕಪ್ಪೆಚಿಪ್ಪಿನ ಮೇಲೆ ನಾಲ್ಕು ತೊಟ್ಟು ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ, ಚಿಪ್ಪು ಅಷ್ಟು ಸವೆಯುತ್ತದೆ. ಮಳೆನೀರು ನಿಂಬೆರಸದಷ್ಟು ಹುಳಿಯಲ್ಲ. ಆದರೆ ಅದಕ್ಕೆ ಅವಸರವೂ ಇಲ್ಲ. ಅದು ಕಲ್ಲಿನ ಬಿರುಕುಗಳಲ್ಲಿ ಇಳಿದು, ಬಿರುಕನ್ನು ಕಂದಕ ಮಾಡಿ, ಕಂದಕವನ್ನು ಕಣಿವೆ ಮಾಡಿ, ಕೊನೆಗೆ ನಡುನಡುವೆ ಕಂಬಗಳನ್ನು ಮಾತ್ರ ಉಳಿಸುತ್ತದೆ. ಇದರ ಮಾದರಿ ನೋಡಲು ಹೊರದೇಶಕ್ಕೇ ಹೋಗಬೇಕಾಗಿಲ್ಲ. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಯಾಣದಲ್ಲಿ ೧೨೦ ಮೀಟರಿನ ಭೈರವೇಶ್ವರ ಶಿಖರ, ೯೦ ಮೀಟರಿನ ಮೋಹಿನಿ ಶಿಖರ ನಿಂತಿವೆಯಲ್ಲ, ಅವೂ ಸುಣ್ಣಕಲ್ಲೇ, ಅವನ್ನು ಕೊರೆದದ್ದೂ ಮಳೆಯೇ. ಯಾಣದ ಕಲ್ಲುಗಳು ಕಾಡಿನಲ್ಲಿ ನಿಂತಿವೆ, ಹಾ ಲಾಂಗಿನವು ಕಡಲಿನಲ್ಲಿ.

ಕಡಲಿನಲ್ಲಿ ನಿಂತದ್ದು ತೀರ ಈಚೆಗೆ. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಭೂಮಿಯ ನೀರೆಷ್ಟೋ ಹಿಮವಾಗಿ ಕಟ್ಟಿಬಿದ್ದಿದ್ದಾಗ, ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು ೧೨೦ ಮೀಟರು ಕೆಳಗಿತ್ತು. ಈಗ ನಿಮ್ಮ ದೋಣಿ ತೇಲುವ ಜಾಗ ಆಗ ಒಣನೆಲ. ಹಿಮ ಕರಗಿದಂತೆ ಕಡಲು ಏರಿ ಬಂದು ಬಯಲನ್ನು ತುಂಬಿತು. ಗುಡ್ಡದ ತಲೆಗಳು ದ್ವೀಪಗಳಾದವು. ಕೊಲ್ಲಿಯ ಬಹುಭಾಗ ಇಂದಿಗೂ ಆಳವಿಲ್ಲದಿರುವುದು ಇದರಿಂದಲೇ.

ಈಗ ದ್ವೀಪಗಳ ತುದಿಯನ್ನು ಬಿಟ್ಟು ಬುಡವನ್ನು ನೋಡಿ. ನೀರು ಮುಟ್ಟುವಲ್ಲಿ ಪ್ರತಿಯೊಂದು ಬಂಡೆಯೂ ಸೊಂಟದ ಹಾಗೆ ಒಳಕ್ಕೆ ಸವೆದಿದೆ. ಮೇಲಿನಿಂದ ಮಳೆ ತಿಂದರೆ ಕೆಳಗಿನಿಂದ ಕಡಲು ತಿನ್ನುತ್ತಿದೆ. ಎರಡು ಹುಂಜಗಳು ಎದುರುಬದುರು ನಿಂತಂತೆ ಕಾಣುವ ಜೋಡಿಕಲ್ಲೊಂದಿದೆ. ಅದು ಈ ಕೊಲ್ಲಿಯ ಗುರುತೇ ಆಗಿಬಿಟ್ಟಿದೆ. ಅಲ್ಲಿನ ಎರಡು ಲಕ್ಷ ಡಾಂಗಿನ ನೋಟನ್ನು ತಿರುಗಿಸಿದರೆ ಧೂಪದ ಪಾತ್ರೆಯಂಥ ಇನ್ನೊಂದು ಬಂಡೆಯ ಚಿತ್ರವಿದೆ. ಇವೆಲ್ಲ ಬುಡ ಸವೆದು ಚೆಲುವಾದ ಕಲ್ಲುಗಳು. ಅದೇ ಸವೆತ ಮುಂದುವರಿದರೆ ಒಂದು ದಿನ ಉರುಳಿ ಬೀಳುವುದೂ ಖಂಡಿತ.

ಬುಡ ನೋಡುತ್ತಿರುವಾಗ ಮಕ್ಕಳಿಗೆ ಇನ್ನೊಂದು ಕೆಲಸ ಕೊಡಿ: ಬಂಡೆಯ ಮೇಲಿನ ನೀರಿನ ಗೆರೆ ಬೆಳಿಗ್ಗೆ ಎಲ್ಲಿತ್ತು, ಸಂಜೆ ಎಲ್ಲಿದೆ ಎಂದು ಗುರುತುಹಾಕಲಿ. ನಮ್ಮ ಮಂಗಳೂರು ಕಾರವಾರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಟಾಂಕಿನ್ ಕೊಲ್ಲಿಯಲ್ಲಿ ಬಹುತೇಕ ದಿನಗಳಲ್ಲಿ ಒಂದೇ ಉಬ್ಬರ, ಒಂದೇ ಇಳಿತ. ಜೋರಿನ ದಿನಗಳಲ್ಲಿ ಈ ಏರಿಳಿತ ಮೂರು ನಾಲ್ಕು ಮೀಟರು. ಈ ವಿಚಿತ್ರ ಹದಿನೇಳನೆಯ ಶತಮಾನದಲ್ಲೇ ಯೂರೋಪಿನ ನಾವಿಕರ ಕಣ್ಣಿಗೆ ಬಿತ್ತು. ೧೬೮೭ರಲ್ಲಿ ಹೊರಬಂದ ತನ್ನ ಪ್ರಿನ್ಸಿಪಿಯಾ ಗ್ರಂಥದಲ್ಲಿ ನ್ಯೂಟನ್ ಇದಕ್ಕೆ ಕಾರಣ ಹೇಳಲು ಯತ್ನಿಸಿದ.

ನ್ಯೂಟನ್ನಿಗಿಂತ ಬಹಳ ಮೊದಲೇ ಈ ನೀರಿನ ಲೆಕ್ಕ ಗೊತ್ತಿದ್ದವನೊಬ್ಬ ಇದ್ದ. ಕೊಲ್ಲಿಯ ಪಶ್ಚಿಮಕ್ಕೆ ಬಾಕ್ ದಾಂಗ್ ನದಿ ಕಡಲು ಸೇರುತ್ತದೆ. ೧೨೮೮ರಲ್ಲಿ ಮಂಗೋಲರ ನೌಕಾಪಡೆ ವಿಯಟ್ನಾಮಿನಿಂದ ಹಿಂದಿರುಗುತ್ತ ಆ ನದಿಗೆ ಬಂದಿತು. ವಿಯಟ್ನಾಮಿನ ಸೇನಾನಿ ತ್ರಾನ್ ಹುಂಗ್ ದಾವ್ ನದಿಯ ತಳದಲ್ಲಿ ಚೂಪಾದ ಮರದ ಗೂಟಗಳನ್ನು ನೆಡಿಸಿದ್ದ. ಉಬ್ಬರದಲ್ಲಿ ಅವು ಮುಚ್ಚಿಹೋಗಿದ್ದುವು. ಸಣ್ಣ ದೋಣಿಗಳಿಂದ ಶತ್ರುವನ್ನು ಕೆಣಕಿ ಒಳಕ್ಕೆ ಎಳೆದುಕೊಂಡು, ನೀರು ಇಳಿಯುವ ಹೊತ್ತಿಗೆ ತಿರುಗಿಬಿದ್ದ. ದೊಡ್ಡ ಹಡಗುಗಳು ಗೂಟಗಳಿಗೆ ಸಿಕ್ಕಿಕೊಂಡು ನಾಶವಾದವು. ಕೊಲ್ಲಿಯಲ್ಲಿ ದಾವ್ ಗೋ ಎಂಬ ಗುಹೆಯಿದೆ. ಆ ಗೂಟಗಳನ್ನು ಕೂಡಿಟ್ಟಿದ್ದುದು ಅಲ್ಲಿಯೇ ಎಂದು ಜನ ಹೇಳುತ್ತಾರೆ. ದಂಡು ಕಟ್ಟಿಕೊಂಡು ಬಂದವರು ನೀರನ್ನು ಓದಲಿಲ್ಲ, ಮನೆಯವರು ಓದಿದ್ದರು.

ಗುಹೆಗಳ ಮಾತು ಬಂತು. ಪ್ರವಾಸಿಗಳನ್ನು ಹೆಚ್ಚಾಗಿ ಕರೆದೊಯ್ಯುವುದು ಸುಂಗ್ ಸೋಟ್ ಗುಹೆಗೆ. ೧೯೦೧ರಲ್ಲಿ ಇದನ್ನು ಕಂಡ ಫ್ರೆಂಚರು ‘ಬೆರಗಿನ ಗುಹೆ’ ಎಂದು ಹೆಸರಿಟ್ಟರು. ವಿಯಟ್ನಾಮಿ ಹೆಸರಿನ ಅರ್ಥವೂ ಅದೇ. ಹೊರಗೆ ಕಲ್ಲನ್ನು ಕರಗಿಸಿದ ನೀರು ಒಳಗೆ ತೊಟ್ಟಿಕ್ಕುವಾಗ ಕರಗಿದ ಸುಣ್ಣವನ್ನು ಅಲ್ಲಲ್ಲೇ ಬಿಟ್ಟುಹೋಗುತ್ತದೆ. ಹಾಗೆ ಚಾವಣಿಯಿಂದ ಆಲದ ಬಿಳಲಿನಂತೆ ಕಲ್ಲು ಇಳಿಯುತ್ತದೆ, ನೆಲದಿಂದ ಹುತ್ತದಂತೆ ಕಲ್ಲು ಏಳುತ್ತದೆ. ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಕೈಯ ಜಿಡ್ಡು ತಗುಲಿದ ಕಡೆ ಸುಣ್ಣ ಮತ್ತೆ ಕೂರುವುದಿಲ್ಲ. ಸಾವಿರಾರು ವರ್ಷಗಳ ಕೆಲಸ ಒಂದು ಸ್ಪರ್ಶಕ್ಕೆ ನಿಂತುಹೋದೀತು.

ಇನ್ನೊಂದು ನಿಲ್ದಾಣ ತಿ ತೊಪ್ ದ್ವೀಪ. ಭೂಮಿಯನ್ನು ಸುತ್ತಿಬಂದ ಎರಡನೆಯ ಮನುಷ್ಯ, ರಷ್ಯದ ಗೆರ್ಮನ್ ಟಿಟೋವ್, ೧೯೬೨ರಲ್ಲಿ ಹೋ ಚಿ ಮಿನ್ನರೊಡನೆ ಇಲ್ಲಿಗೆ ಬಂದಿದ್ದ. ಅತಿಥಿಯ ನೆನಪಿಗೆ ಹೋ ಚಿ ಮಿನ್ನರು ದ್ವೀಪಕ್ಕೆ ಅವನ ಹೆಸರನ್ನೇ ಇಟ್ಟರು. ತುದಿಗೆ ನಾಲ್ಕು ನೂರಕ್ಕೂ ಹೆಚ್ಚು ಮೆಟ್ಟಿಲು. ಅಜ್ಜಿಯವರು ಕೆಳಗೆ ಮರಳಿನ ಮೇಲೆ ಕುಳಿತಿರಲಿ, ಮಕ್ಕಳು ಹತ್ತಿ ಬರಲಿ. ಮೇಲಿನಿಂದ ನೋಡಿದರೆ ಕೊಲ್ಲಿ ಕೊಲ್ಲಿಯಂತೆ ಕಾಣುವುದಿಲ್ಲ. ನೆರೆ ಬಂದು ಮುಳುಗಿದ ಮಲೆನಾಡಿನಂತೆ ಕಾಣುತ್ತದೆ. ನಾವು ಈವರೆಗೆ ಆಡಿದ ಮಾತಿಗೆಲ್ಲ ಅದೇ ಸಾಕ್ಷಿ.

ಊಟದ ವಿಷಯ ಹೇಳದಿದ್ದರೆ ಮನೆಯಾಕೆ ಒಪ್ಪಲಾರರು. ದೋಣಿಯ ಅಡಿಗೆ ಎಂದರೆ ಮೀನು, ಸಿಗಡಿ, ಏಡಿ. ಸಸ್ಯಾಹಾರಿಗಳು ಟಿಕೆಟ್ಟು ತೆಗೆಯುವಾಗಲೇ ತಿಳಿಸಬೇಕು. ಸಸ್ಯಾಹಾರಕ್ಕೆ ಅಲ್ಲಿನ ಮಾತು ‘ಚಾಯ್’. ಚಹ ಬರುತ್ತದೆಂದು ಕಾದು ಕುಳಿತವರ ಮುಂದೆ ಅನ್ನ, ಸೊಪ್ಪು, ಸೋಯಾ ಅವರೆಯ ಹಾಲಿನಿಂದ ಮಾಡಿದ ಗಿಣ್ಣಿನಂಥ ತೋಫು ಬಂದರೆ ಗಾಬರಿಯಾಗಬೇಡಿ. ಮೀನಿನ ರಸ ಬೇಡವೆಂದು ಮಾತ್ರ ಬಿಡಿಸಿ ಹೇಳಿ; ನಮ್ಮಲ್ಲಿ ಉಪ್ಪು ಹಾಕುವಲ್ಲೆಲ್ಲ ಅವರು ಅದನ್ನು ಹಾಕುತ್ತಾರೆ.

ಈ ನೀರಿನ ಮೇಲೆ ಮನೆ ಮಾಡಿಕೊಂಡಿದ್ದ ಜನರೂ ಇದ್ದರು. ಕುವಾ ವಾನ್, ವುಂಗ್ ವಿಯೆಂಗ್ ಮೊದಲಾದ ಊರುಗಳಲ್ಲಿ ತೆಪ್ಪದ ಮೇಲೆ ಮನೆ, ತೆಪ್ಪದ ಮೇಲೆ ಶಾಲೆ. ನಡೆಯುವುದರ ಜೊತೆಗೇ ಮಕ್ಕಳು ಹುಟ್ಟುಹಾಕುವುದನ್ನು ಕಲಿಯುತ್ತಿದ್ದರು. ೨೦೧೪ರಲ್ಲಿ ಸರಕಾರ ಈ ಸಂಸಾರಗಳನ್ನು ದಡದ ಮೇಲೆ ಕಟ್ಟಿದ ಮನೆಗಳಿಗೆ ಸಾಗಿಸಿತು. ಮಕ್ಕಳಿಗೆ ಒಳ್ಳೆಯ ಶಾಲೆ, ಬಿರುಗಾಳಿಯಿಂದ ರಕ್ಷಣೆ, ಕೊಲ್ಲಿಗೆ ನಿರ್ಮಲತೆ, ಇವು ಉದ್ದೇಶಗಳು. ಲಾಭವಿಲ್ಲದೆ ಇಲ್ಲ. ಆದರೆ ಬಲೆ ಬೀಸಲು ಮಾತ್ರ ಬಲ್ಲವನು ದಡದಲ್ಲಿ ಏನು ಮಾಡಬೇಕು? ಕೆಲವರು ಹಗಲು ಹಿಂದಿರುಗಿ ಬಂದು ಪ್ರವಾಸಿಗಳನ್ನು ಬಿದಿರಿನ ದೋಣಿಯಲ್ಲಿ ಕೂರಿಸಿ ಹುಟ್ಟುಹಾಕುತ್ತಾರೆ. ನಿಮ್ಮನ್ನು ಕಮಾನಿನ ಕೆಳಗೆ ತೂರಿಸಿ ಕರೆದೊಯ್ಯುವ ಆ ಹೆಂಗಸು ಆ ನೀರಿನಲ್ಲೇ ಹುಟ್ಟಿ ಬೆಳೆದವಳಾಗಿರಬಹುದು. ಅವಳ ತೋಳು ನೀರನ್ನು ಹೇಗೆ ತಳ್ಳುತ್ತದೆ ಎಂಬುದನ್ನು ಸ್ವಲ್ಪ ಹೊತ್ತು ಗಮನಿಸಿ. ಫೋಟೋ ಆಮೇಲೆ ತೆಗೆಯಬಹುದು.

ನಾವು ಹೋದಲ್ಲೆಲ್ಲ ನಮ್ಮ ಕಸವೂ ಬರುತ್ತದೆ. ಮೀನು ಸಾಕುವ ತೆಪ್ಪಗಳಿಗೆ ಕಟ್ಟಿದ ಬೆಂಡಿನಂಥ ಬಿಳಿಯ ಪ್ಲಾಸ್ಟಿಕ್ಕಿನ ಚೂರುಗಳು ಕೊಲ್ಲಿಯಲ್ಲೆಲ್ಲ ತೇಲುವಂತಾಗಿತ್ತು. ೨೦೨೪ರ ಸೆಪ್ಟೆಂಬರಿನಲ್ಲಿ ಯಾಗಿ ಚಂಡಮಾರುತ ಬಡಿದಾಗ ದಡದ ಬಳಿ ಕಟ್ಟಿದ್ದ ದೋಣಿಗಳೂ ಮುಳುಗಿ, ಒಡೆದ ತೆಪ್ಪಗಳ ಅವಶೇಷ ನೀರೆಲ್ಲ ಹರಡಿತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ಪ್ರವಾಸದ ದೋಣಿಗಳಲ್ಲಿ ೨೦೧೯ರಿಂದಲೇ ನಿಷೇಧಿಸಿದ್ದಾರೆ. ನೀರಿನ ಬಾಟಲಿ, ತಿಂಡಿಯ ಡಬ್ಬಿ ಮನೆಯಿಂದಲೇ ಒಯ್ಯುವ ನಮ್ಮ ಹಳೆಯ ಪದ್ಧತಿ ಇಲ್ಲಿ ಬಹಳ ಒಳ್ಳೆಯದು.

ಇನ್ನು ಕೊನೆಯ ಮಾತು. ನಾನು ಮುಖ್ಯವಾಗಿ ಹೇಳಬೇಕೆಂದಿದ್ದುದು ಇದೇ. ಹಾ ಲಾಂಗಿನ ನೀರು ಬಹಳ ಶಾಂತ. ಸಾವಿರಾರು ದ್ವೀಪಗಳು ಹೊರಗಡಲಿನ ಅಲೆಗಳನ್ನು ತಡೆದು ನಿಲ್ಲಿಸುತ್ತವೆ. ಲೋಟದ ನೀರು ತುಳುಕದು. ಈ ಶಾಂತಿಯನ್ನು ನೋಡಿಯೇ ಜನ ಎಳೆಯ ಮಕ್ಕಳನ್ನೂ ಮುದುಕರನ್ನೂ ಕರೆತರುತ್ತಾರೆ. ಆದರೆ ದ್ವೀಪಗಳು ತಡೆಯುವುದು ಅಲೆಯನ್ನು. ಮೇಲಿನಿಂದ ಬೀಳುವ ಗಾಳಿಯನ್ನು ಅವು ತಡೆಯಲಾರವು. ಬೇಸಗೆಯ ಗುಡುಗುಮಳೆಯಲ್ಲಿ ತಂಪಾದ ಗಾಳಿ ಮೋಡದಿಂದ ರಭಸವಾಗಿ ಕೆಳಗಿಳಿದು, ನೀರಿನ ಮೇಲೆ ಹರಡುತ್ತದೆ. ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ದೋಣಿಯ ಪಕ್ಕಕ್ಕೆ ಅದು ಅಪ್ಪಳಿಸಿದರೆ ದೋಣಿ ಮಗುಚಲು ಹೆಚ್ಚು ಹೊತ್ತು ಬೇಡ.

೨೦೨೫ರ ಜುಲೈ ೧೯ರ ಮಧ್ಯಾಹ್ನ ಹೀಗೆಯೇ ಆಯಿತು. ಐವತ್ತಕ್ಕೆ ಸಮೀಪ ಜನರಿದ್ದ ಪ್ರವಾಸದ ದೋಣಿಯೊಂದು ದಿಢೀರನೆ ಎದ್ದ ಬಿರುಮಳೆಗೆ ಸಿಕ್ಕಿ ತಲೆಕೆಳಗಾಯಿತು. ಪ್ರವಾಸಿಗಳಲ್ಲಿ ಅನೇಕರು ಹನೋಯಿಯಿಂದ ರಜೆಗೆಂದು ಮಕ್ಕಳೊಡನೆ ಬಂದ ಸಂಸಾರಗಳು. ಮೂವತ್ತೈದಕ್ಕಿಂತ ಹೆಚ್ಚು ಜನ ತೀರಿಕೊಂಡರು. ಮಗುಚಿದ ದೋಣಿಯೊಳಗೆ ಒಂದಿಷ್ಟು ಗಾಳಿ ಉಳಿದಿದ್ದ ಜಾಗದಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದ ಹುಡುಗನೊಬ್ಬನನ್ನು ಜೀವಂತವಾಗಿ ಹೊರತೆಗೆದರು. ಗಾಳಿಯೇ ಬೇಕೆಂದೂ ಇಲ್ಲ: ೨೦೧೧ರ ಫೆಬ್ರವರಿಯಲ್ಲಿ ತಿ ತೊಪ್ ದ್ವೀಪದ ಬಳಿ ಲಂಗರು ಹಾಕಿ ನಿಂತಿದ್ದ ದೋಣಿಯೊಂದು ಬೆಳಗಿನ ಜಾವ, ಪ್ರಯಾಣಿಕರು ಮಲಗಿದ್ದಾಗ, ಮುಳುಗಿ ೧೨ ಜನ ಸತ್ತರು. ಇದು ದೂರದೇಶದ ಸುದ್ದಿಯೆಂದು ತಳ್ಳಿಹಾಕುವಂತಿಲ್ಲ. ೨೦೧೯ರ ಜನವರಿ ೨೧ರಂದು ನಮ್ಮ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ ೧೬ ಜನ ಪ್ರಾಣ ಕಳೆದುಕೊಂಡರು. ಅವರೂ ಸಂಸಾರವಂದಿಗರೇ.

ಹಾಗಾದರೆ ಹೋಗುವುದೇ ಬೇಡವೆ? ಹೋಗಿ, ಖಂಡಿತ ಹೋಗಿ. ಆದರೆ ದೋಣಿ ಹತ್ತಿದೊಡನೆ ಫೋಟೋಗೆ ಮೊದಲು ಮೂರು ಕೆಲಸ ಮಾಡಿ. ಜಾಕೆಟ್ಟುಗಳು ಎಲ್ಲಿವೆ ಎಂದು ಕೇಳಿ. ಮಕ್ಕಳ ಅಳತೆಯವು ಬೇರೆ ಇವೆಯೇ ನೋಡಿ, ತೊಡಿಸಿಯೂ ನೋಡಿ. ಕೋಣೆಯಿಂದ ಬಯಲಿಗೆ ಬರುವ ಬಾಗಿಲುಗಳು ಎಷ್ಟು, ಎಲ್ಲಿ ಎಂಬುದನ್ನು ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಮ್ಮೆ ನಡೆದು ನೋಡಲಿ. ಆಕಾಶ ಕಪ್ಪಾದರೆ ಎಲ್ಲಿ ಸೇರಬೇಕೆಂದು ದೋಣಿಯವರನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಐದು ನಿಮಿಷದ ಕೆಲಸ.

ಇದಕ್ಕಿಂತ ಕಷ್ಟವಾದದ್ದು ಇನ್ನೊಂದಿದೆ. ಹವೆ ಸರಿಯಿಲ್ಲ, ಇಂದು ದೋಣಿ ಬಿಡುವುದಿಲ್ಲ ಎಂದು ಬಂದರಿನವರು ಹೇಳಿದಾಗ ಜಗಳಕ್ಕೆ ನಿಲ್ಲದಿರುವುದು. ‘ಅಷ್ಟು ದೂರದಿಂದ ಬಂದಿದ್ದೇವೆ, ಹಣ ಕೊಟ್ಟಿದ್ದೇವೆ, ನಾಳೆ ವಿಮಾನವಿದೆ’ ಎಂಬ ಮಾತು ನಾಲಗೆಯ ತುದಿಗೆ ಬಂದೇ ಬರುತ್ತದೆ. ಹೀಗೆ ಹತ್ತು ಮನೆಯವರು ಒತ್ತಾಯ ಮಾಡಿದರೆ ದೋಣಿಯವನ ಮನಸ್ಸೂ ಅಳ್ಳಾಡುತ್ತದೆ. ಅವನಿಗೂ ಸಂಸಾರವಿದೆ, ದಿನದ ಗಳಿಕೆ ಬೇಕು. ಈ ಜಗಳಕ್ಕೆ ಮದ್ದು ಮನೆಯಿಂದ ಹೊರಡುವ ಮೊದಲೇ ಇದೆ. ಬಿರುಗಾಳಿಯ ತಿಂಗಳುಗಳಾದ ಜುಲೈನಿಂದ ಸೆಪ್ಟೆಂಬರನ್ನು ಬಿಟ್ಟು, ಆಕಾಶ ತಿಳಿಯಾಗಿರುವ ಅಕ್ಟೋಬರು ನವೆಂಬರುಗಳನ್ನು ಆರಿಸಿಕೊಳ್ಳಿ. ಆ ಊರಿಗೆಂದು ಒಂದು ದಿನ ಸಾಕೆನಿಸಿದರೆ ಎರಡು ದಿನ ಇಟ್ಟುಕೊಳ್ಳಿ. ಆ ಹೆಚ್ಚಿನ ದಿನವನ್ನು ನೀರಿಗೆ ಮುಡಿಪಾಗಿ ಬಿಡಿ. ಹವೆ ಚೆನ್ನಾಗಿದ್ದರೆ ಇನ್ನೊಂದು ಸುತ್ತು ತಿರುಗಿದಿರಿ. ಕೆಟ್ಟರೆ ದಡದಲ್ಲಿ ಕುಳಿತು, ಆ ಕಲ್ಲುಗಳನ್ನು ಕೆತ್ತಿದ ಮಳೆ ಅವುಗಳ ಮೇಲೆ ಸುರಿಯುವುದನ್ನು ಮಕ್ಕಳಿಗೆ ತೋರಿಸಿದಿರಿ. ಎರಡರಲ್ಲಿ ಯಾವುದಾದರೂ ನಷ್ಟವಿಲ್ಲ. ಎಲ್ಲರೂ ಕ್ಷೇಮವಾಗಿ ಹೋಗಿ, ಕ್ಷೇಮವಾಗಿ ಮನೆಗೆ ಬನ್ನಿ.